ಸೈಕಲ್ ಯಾತ್ರೆಯ ದುಡ್ಡು ರೋಗಿಗೆ ಮುಟ್ಟಬೇಕಾದರೆ

ಕಾಶ್ಮೀರ–ಕನ್ಯಾಕುಮಾರಿ ಸವಾರರು ಹಾಯುವ ಹೊಸೂರು–ಕೃಷ್ಣಗಿರಿ ದಾರಿಯಲ್ಲಿ ಒಂದು ಹಳೆಯ ಪ್ರಶ್ನೆ

ಕೃಷ್ಣಗಿರಿ: ಚಳಿಗಾಲದ ಬೆಳಗ್ಗೆ ಆರು, ಆರೂವರೆ ಹೊತ್ತಿಗೆ ಅತ್ತಿಬೆಲೆ ಗಡಿ ದಾಟಿ ಜೂಜುವಾಡಿ ಕಡೆಗೆ ಬಂದರೆ, ಲಾರಿಗಳ ಸಾಲಿನ ಪಕ್ಕದಲ್ಲಿ ಇನ್ನೊಂದು ಸಾಲು ಕಾಣಸಿಗುವುದುಂಟು. ತಲೆಗೆ ಹೆಲ್ಮೆಟ್, ಮೈಗೆ ಒಂದೇ ಬಣ್ಣದ ಟೀ ಷರ್ಟ್, ಸೀಟಿನ ಕೆಳಗೆ ಮಿಣುಕುವ ಕೆಂಪು ದೀಪ. ಹತ್ತೋ ಹದಿನೈದೋ ಸೈಕಲ್ಲುಗಳು. ಅವುಗಳ ಹಿಂದೆ ನಿಧಾನಕ್ಕೆ ಬರುವ ಒಂದು ವ್ಯಾನ್. ವ್ಯಾನಿಗೆ ಕಟ್ಟಿದ ಬ್ಯಾನರಿನಲ್ಲಿ ಒಮ್ಮೆ ಕ್ಯಾನ್ಸರ್, ಒಮ್ಮೆ ಕಣ್ಣು, ಇನ್ನೊಮ್ಮೆ ಮಕ್ಕಳ ಹೃದಯ.

ರಸ್ತೆಬದಿಯ ಟೀ ಅಂಗಡಿಯಲ್ಲಿ ಸವಾರರು ನಿಂತರೆಂದರೆ ಸುತ್ತ ನಾಲ್ಕು ಜನ ಸೇರುತ್ತಾರೆ. ಮೊದಲನೆಯ ಪ್ರಶ್ನೆ ‘ಎಲ್ಲಿಂದ ಎಲ್ಲಿಗೆ?’ ಅಂತ. ‘ಕಾಶ್ಮೀರದಿಂದ ಕನ್ಯಾಕುಮಾರಿಗೆ’ ಎಂಬ ಉತ್ತರ ಈ ದಾರಿಯವರಿಗೆ ಹೊಸದೇನಲ್ಲ. ಎರಡನೆಯದು ಸೈಕಲ್ಲಿನ ರೇಟು. ಅದನ್ನು ಕೇಳಿ ಬಾಯಿ ಮೇಲೆ ಕೈ ಇಟ್ಟುಕೊಂಡ ಮೇಲೆ ಬರುವುದು ಮೂರನೆಯದು: ‘ಅಲ್ಲಾ ಸ್ವಾಮಿ, ನೀವು ತುಳಿದರೆ ಕಾಯಿಲೆಯವರಿಗೆ ಏನು ಸಿಗುತ್ತೆ?’

ಈ ಮೂರನೆಯ ಪ್ರಶ್ನೆಗೆ ಟೀ ಆರುವಷ್ಟರಲ್ಲಿ ಉತ್ತರ ಹೇಳುವುದು ಕಷ್ಟ. ಆದರೆ ದುಡ್ಡು ಕೊಟ್ಟವನಿಗೂ, ಆ ದುಡ್ಡಿಗಾಗಿ ಕಾಯುತ್ತಿರುವ ರೋಗಿಗೂ ಬೇಕಾದದ್ದು ಇದೊಂದೇ ಉತ್ತರ.

ಎರಡು ಹೆದ್ದಾರಿ ಕೂಡುವ ಊರು

ಸೈಕಲ್ ಯಾತ್ರೆಯವರೆಲ್ಲ ಇಲ್ಲಿಗೇ ಯಾಕೆ ಬರುತ್ತಾರೆ? ಕಾರಣ ನಕ್ಷೆಯಲ್ಲಿದೆ. ಶ್ರೀನಗರದಿಂದ ಕನ್ಯಾಕುಮಾರಿಗೆ 3,700 ಕಿ.ಮೀ.ಗೂ ಹೆಚ್ಚು ಉದ್ದ ಹೋಗುವ 44ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ಬೆಂಗಳೂರು ಬಿಟ್ಟ ಮೇಲೆ ಹೊಸೂರು, ಶೂಲಗಿರಿ, ಕೃಷ್ಣಗಿರಿ, ಧರ್ಮಪುರಿ, ಸೇಲಂ ಎಂದು ದಕ್ಷಿಣಕ್ಕೆ ಇಳಿಯುತ್ತದೆ. ಹಳಬರ ಬಾಯಲ್ಲಿ ಇವತ್ತಿಗೂ ಇದು ‘ಏಳನೇ ನಂಬರ್ ರೋಡು’. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತಗಳನ್ನು ಜೋಡಿಸುವ 5,846 ಕಿ.ಮೀ.ಗಳ ಸುವರ್ಣ ಚತುಷ್ಪಥವೂ ಬೆಂಗಳೂರಿನಿಂದ ಇದೇ ದಾರಿಯಲ್ಲಿ ಬಂದು, ಕೃಷ್ಣಗಿರಿಯಲ್ಲಿ ಪೂರ್ವಕ್ಕೆ ಹೊರಳಿ ವೆಲ್ಲೂರಿನ ಕಡೆ ಹೋಗುತ್ತದೆ.

ಹಾಗಾಗಿ ದೇಶವನ್ನು ಉದ್ದಕ್ಕೆ ದಾಟುವವರಿಗೂ, ಸುತ್ತು ಹಾಕುವವರಿಗೂ ಹೊಸೂರು–ಕೃಷ್ಣಗಿರಿ ನಡುವಿನ ಸುಮಾರು 50 ಕಿ.ಮೀ. ಸಾಮಾನ್ಯ ದಾರಿ. ಬೆಂಗಳೂರಿನಿಂದ ಶನಿವಾರ ಹೊರಟು ಭಾನುವಾರ ಮನೆ ಸೇರುವ ಹವ್ಯಾಸಿ ಗುಂಪುಗಳಿಗೂ ಇದು ಕೈಗೆಟಕುವ ದೂರ. ಬೆಂಗಳೂರಿನಿಂದ ಹೊಸೂರಿಗೆ 40 ಕಿ.ಮೀ.; ಕೃಷ್ಣಗಿರಿ ಮುಟ್ಟಿದರೆ 90.

ಹೋಗುವಾಗ ಸಲೀಸು. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೆ ಕೃಷ್ಣಗಿರಿ 500 ಮೀಟರಿನ ಆಸುಪಾಸಿನಲ್ಲಿದೆ. ಶೂಲಗಿರಿ ಕಡೆಯ ಇಳಿಜಾರಿನಲ್ಲಿ ಪೆಡಲ್ ತುಳಿಯುವುದೇ ಬೇಡ. ವಾಪಸು ಬರುವಾಗ ಅದೇ ಇಳಿಜಾರು ಏರಾಗಿ ಎದುರು ನಿಲ್ಲುತ್ತದೆ, ಬಿಸಿಲೂ ಏರಿರುತ್ತದೆ. ದುಡ್ಡು ಎತ್ತುವ ಕೆಲಸವೂ ಇದೇ ಥರ ಎನ್ನುತ್ತಾರೆ ಇದರಲ್ಲಿ ಪಳಗಿದವರು. ಹೊರಡುವ ದಿನ ಹಾರ, ಬಾವುಟ, ಫೋಟೊ. ಏರು ಶುರುವಾಗುವುದು ವಾಪಸು ಬಂದು ಲೆಕ್ಕ ಬರೆಯಲು ಕೂತಾಗ.

1980ರ ಎರಡು ಸುದ್ದಿ

ಸೈಕಲ್ ವಿಚಾರದಲ್ಲಿ ಹೊಸೂರಿಗೆ ಒಂದು ತಮಾಷೆಯ ನೆನಪಿದೆ. 1980ರಲ್ಲಿ ಇಲ್ಲಿನ ಕಾರ್ಖಾನೆಯಿಂದ ಟಿವಿಎಸ್ 50 ಮೊಪೆಡ್ ಹೊರಬಂತು. ಹಾಲಿನವರು, ಹೂವಿನವರು, ಮೇಷ್ಟ್ರುಗಳು ಒಬ್ಬೊಬ್ಬರಾಗಿ ಸೈಕಲ್ ಬಿಟ್ಟು ಮೊಪೆಡ್ ಹತ್ತಿದರು. ಡಬಲ್ ರೈಡು, ಹಿಂದೆ ಮೂಟೆ, ಏರಿನಲ್ಲಿ ಇಳಿದು ತಳ್ಳುವ ಗೋಜಿಲ್ಲ. ಸೈಕಲ್ ಬಡವರ ಪಾಲಿಗೂ ಹಳತಾಗತೊಡಗಿದ ಕಾಲ ಅದು.

ಅದೇ 1980ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಬಿಲ್ಲಿ ಸ್ಟಾರ್ ಎಂಬಾತ 35 ಮಂದಿಯನ್ನು ಜೊತೆಗೆ ಕಟ್ಟಿಕೊಂಡು ಸ್ಪ್ರಿಂಗ್‌ಫೀಲ್ಡ್‌ನಿಂದ ಕಡಲತುದಿಯ ಪ್ರಾವಿನ್ಸ್‌ಟೌನ್‌ಗೆ ಸೈಕಲ್ ಹೊಡೆದರು. ಆತನ ತಾಯಿ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಅವರ ನೆನಪಿಗೆ ಬಾಸ್ಟನ್ನಿನ ಡಾನಾ–ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ ದುಡ್ಡು ಕೂಡಿಸುವುದು ಉದ್ದೇಶ. ಮೊದಲ ವರ್ಷ ಕೂಡಿದ್ದು 10,200 ಡಾಲರ್.

‘ಪ್ಯಾನ್–ಮ್ಯಾಸ್ ಚಾಲೆಂಜ್’ ಎಂಬ ಹೆಸರಿನ ಆ ಯಾತ್ರೆ ಪ್ರತಿ ಆಗಸ್ಟಿನಲ್ಲೂ ನಡೆಯುತ್ತಾ ಬಂದಿದೆ. ಈಗ ಅದರಲ್ಲಿ 6,000ಕ್ಕೂ ಹೆಚ್ಚು ಜನ ತುಳಿಯುತ್ತಾರೆ. ಇಷ್ಟು ವರ್ಷಗಳಲ್ಲಿ ಅದು ಕೂಡಿಸಿದ ಮೊತ್ತ 100 ಕೋಟಿ ಡಾಲರ್ ದಾಟಿದೆ.

ಇಷ್ಟು ದೊಡ್ಡದಾಗಲು ಸೈಕಲ್ಲೊಂದೇ ಕಾರಣವಲ್ಲ. ಅಲ್ಲಿ ಎರಡು ಕಟ್ಟುಪಾಡುಗಳಿವೆ. ಒಂದು, ಪ್ರತಿ ಸವಾರನೂ ಕನಿಷ್ಠ ಇಷ್ಟು ಕೂಡಿಸುತ್ತೇನೆ ಎಂದು ಮೊದಲೇ ಒಪ್ಪಿಕೊಳ್ಳಬೇಕು. ಕಡಿಮೆ ಬಿದ್ದರೆ ತನ್ನ ಕೈಯಿಂದ ತುಂಬಬೇಕು. ಎರಡು, ಸವಾರರು ಎತ್ತಿದ ದುಡ್ಡಿನಲ್ಲಿ ಒಂದು ಡಾಲರ್ ಕೂಡ ಯಾತ್ರೆಯ ಖರ್ಚಿಗೆ ಹೋಗಕೂಡದು. ಊಟ, ತಂಗುವ ವ್ಯವಸ್ಥೆ, ಸಿಬ್ಬಂದಿ ಸಂಬಳ ಎಲ್ಲವನ್ನೂ ಪ್ರವೇಶ ಶುಲ್ಕ ಮತ್ತು ಪ್ರಾಯೋಜಕರ ಹಣದಿಂದ ನಿಭಾಯಿಸುತ್ತಾರೆ. ‘ನಾನು ಕೊಟ್ಟ ನೂರು ಅವನ ಟೀ ಷರ್ಟಿಗೆ ಹೋಯಿತೇನೋ’ ಎಂಬ ಅನುಮಾನಕ್ಕೆ ಅಲ್ಲಿ ಜಾಗವಿಲ್ಲ.

ಖರ್ಚು ತಿಂದ ಯಾತ್ರೆಗಳು

ಎಲ್ಲ ಕಡೆಯೂ ಹೀಗೇ ಆಗಲಿಲ್ಲ. ಎಚ್‌ಐವಿ ರೋಗಿಗಳ ಆರೈಕೆಗೆಂದು 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಲಾಸ್ ಏಂಜಲಿಸ್‌ಗೆ ಒಂದು ವಾರದ ಸೈಕಲ್ ಯಾತ್ರೆ ಶುರುವಾಯಿತು. ಸಾವಿರಾರು ಜನ ಸೇರಿದರು, ಕೋಟಿಗಟ್ಟಲೆ ಡಾಲರ್ ಬಂತು. ಜೊತೆಗೇ ಡೇರೆ, ಊಟ, ಪ್ರಚಾರ ಎಂದು ಖರ್ಚೂ ಬೆಳೆಯಿತು. ರೋಗಿಗಳಿಗೆ ಮುಟ್ಟುವ ಪಾಲು ಸಾಲದು ಎಂಬ ಟೀಕೆ ಎದ್ದಿತು. ಅದನ್ನು ನಡೆಸುತ್ತಿದ್ದ ಕಂಪನಿ 2002ರಲ್ಲಿ ಬಾಗಿಲು ಹಾಕಿತು.

ಅದೇ ವರ್ಷದಿಂದ ಎರಡು ಸೇವಾ ಸಂಸ್ಥೆಗಳು ಸೇರಿ ‘ಏಡ್ಸ್/ಲೈಫ್‌ಸೈಕಲ್’ ಎಂಬ ಹೆಸರಿನಲ್ಲಿ ಯಾತ್ರೆಯನ್ನು ತಾವೇ ನಡೆಸಿದವು. 545 ಮೈಲಿ, ಅಂದರೆ 877 ಕಿ.ಮೀ. ದಾರಿ, ಏಳು ದಿನ. ಒಟ್ಟು 30 ಕೋಟಿ ಡಾಲರಿಗೂ ಹೆಚ್ಚು ಕೂಡಿತು. ಕೊನೆಗೆ ಖರ್ಚು ಏರಿ, ಸವಾರರ ಸಂಖ್ಯೆ ಇಳಿದು, 2025ರ ಜೂನ್‌ನಲ್ಲಿ ಅದೂ ಕೊನೆಯ ಬಾರಿ ನಡೆಯಿತು.

ಈ ಲೆಕ್ಕವನ್ನು ಹೊಸೂರಿನ ಅಳತೆಗೆ ಇಳಿಸಿ ನೋಡಬಹುದು. 20 ಜನರ ಒಂದು ತಂಡ ಅಂತಿಟ್ಟುಕೊಳ್ಳಿ. ಒಬ್ಬೊಬ್ಬರೂ ನೆಂಟರು, ಸಹೋದ್ಯೋಗಿಗಳು, ಅಕ್ಕಪಕ್ಕದವರು ಎಂದು 50 ಜನರನ್ನು ಕೇಳಿ ತಲಾ 200 ರೂಪಾಯಿ ತಂದರೆ ಕೂಡುವುದು 2 ಲಕ್ಷ. ವ್ಯಾನ್ ಬಾಡಿಗೆ, ಲಾಡ್ಜು, ಊಟ, ಟೀ ಷರ್ಟು, ಬ್ಯಾನರು ಸೇರಿ 1 ಲಕ್ಷದ 20 ಸಾವಿರ ಆಯಿತು ಎನ್ನಿ. ಅದನ್ನು ಬಂದ ದುಡ್ಡಿನಲ್ಲೇ ಕಳೆದರೆ ಆಸ್ಪತ್ರೆಗೆ ಹೋಗುವುದು 80 ಸಾವಿರ. ಸವಾರರು ಖರ್ಚನ್ನು ತಾವೇ ತಲಾ 6 ಸಾವಿರ ಹಾಕಿಕೊಂಡರೆ ಪೂರಾ 2 ಲಕ್ಷ ಹೋಗುತ್ತದೆ. ದಾರಿಯೂ ಅದೇ, ಬೆವರೂ ಅಷ್ಟೇ. ರೋಗಿಗೆ ಮಾತ್ರ ಎರಡೂವರೆ ಪಟ್ಟು ವ್ಯತ್ಯಾಸ.

ಡಾಕ್ಟರುಗಳೇ ತುಳಿದಾಗ

ದೇಶದೊಳಗೂ ಒಳ್ಳೆಯ ಉದಾಹರಣೆಗಳಿವೆ. ನಾಸಿಕ್‌ನ ಅಣ್ಣತಮ್ಮಂದಿರು ಡಾ. ಹಿತೇಂದ್ರ ಮಹಾಜನ್ ಮತ್ತು ಡಾ. ಮಹೇಂದ್ರ ಮಹಾಜನ್. ಒಬ್ಬರು ಅರಿವಳಿಕೆ ವೈದ್ಯರು, ಇನ್ನೊಬ್ಬರು ದಂತವೈದ್ಯರು. ಅಮೆರಿಕದ ಪಶ್ಚಿಮ ಕಡಲಿನಿಂದ ಪೂರ್ವ ಕಡಲಿನವರೆಗೆ ಸುಮಾರು 4,800 ಕಿ.ಮೀ. ನಡೆಯುವ ‘ರೇಸ್ ಅಕ್ರಾಸ್ ಅಮೆರಿಕ’ವನ್ನು ಇಬ್ಬರೇ ಸರದಿಯಂತೆ ತುಳಿದು, ಒಂಬತ್ತು ದಿನದೊಳಗೆ 2015ರಲ್ಲಿ ಮುಗಿಸಿದರು. ಭಾರತದ ತಂಡವೊಂದು ಅದನ್ನು ಪೂರೈಸಿದ್ದು ಅದೇ ಮೊದಲು. ತಂಡಕ್ಕೆ ಅವರು ಇಟ್ಟಿದ್ದ ಹೆಸರು ‘ವಿಷನ್ ಫಾರ್ ಟ್ರೈಬಲ್ಸ್’. ಬುಡಕಟ್ಟು ಜನರ ಕಣ್ಣಿನ ಚಿಕಿತ್ಸೆಗೆ ನೆರವು ಕೂಡಿಸುವುದು ಅದರ ಹಿಂದಿನ ಆಶಯ.

2017ರಲ್ಲಿ ಅದೇ ಸ್ಪರ್ಧೆಯನ್ನು ಒಂಟಿಯಾಗಿ ಮುಗಿಸಿದ ಮೊದಲ ಭಾರತೀಯರು ಸೇನೆಯ ವೈದ್ಯ ಲೆಫ್ಟಿನೆಂಟ್ ಕರ್ನಲ್ ಶ್ರೀನಿವಾಸ್ ಗೋಕುಲನಾಥ್. ಅವರ ಬೆನ್ನಿಗೇ ನಾಗಪುರದ ಡಾ. ಅಮಿತ್ ಸಮರ್ಥ್ ಬಂದರು. ಇಬ್ಬರೂ ಹನ್ನೆರಡು ದಿನದ ಗಡುವಿನೊಳಗೆ ಗುರಿ ಮುಟ್ಟಿದರು.

ಬೆಂಗಳೂರು ಸೀಮೆಯಲ್ಲಿ ಗುಂಪಾಗಿ ದೂರ ತುಳಿಯುವ ಹುಚ್ಚು ಹತ್ತಿಸಿದ್ದು 2008ರ ಡಿಸೆಂಬರಿನಲ್ಲಿ ಶುರುವಾದ ‘ಟೂರ್ ಆಫ್ ನೀಲಗಿರೀಸ್’. ಮೈಸೂರು, ಊಟಿ ಎಂದು ದಿನಗಟ್ಟಲೆ ಘಾಟಿ ಹತ್ತಿಳಿಯುವ ಈ ಯಾತ್ರೆ, ಒಬ್ಬರಿಗೊಬ್ಬರು ಪರಿಚಯವಿಲ್ಲದ ಹತ್ತಾರು ಜನ ಒಟ್ಟಿಗೆ ತುಳಿಯುವ ಶಿಸ್ತನ್ನು ಕಲಿಸಿತು. ಮುಂದೆ ಯಾರು, ಹಿಂದೆ ಯಾರು, ಪಂಕ್ಚರಾದರೆ ಏನು, ನೀರು ಎಲ್ಲಿ ಎಂಬುದೆಲ್ಲ ಮೊದಲೇ ತೀರ್ಮಾನವಾಗಿರುತ್ತದೆ. ಇವತ್ತು ಕೃಷ್ಣಗಿರಿ ದಾರಿಯಲ್ಲಿ ಸಾಲಾಗಿ ಹೋಗುವ ಗುಂಪುಗಳಲ್ಲೂ ಇದೇ ಶಿಸ್ತು ಕಾಣುತ್ತದೆ. ಕಲಿಯಬೇಕಾದದ್ದು ಇನ್ನೊಂದು ಉಳಿದಿದೆ: ಕೂಡಿಸಿದ ದುಡ್ಡನ್ನು ಎಲ್ಲಿ ಹಾಕಿದರೆ ಹೆಚ್ಚು ಉಪಯೋಗ ಎಂಬುದು.

ಯಾವ ಕಾರ್ಡೂ ಕೊಡದ ದುಡ್ಡು

ಈ ಮಾತಿಗೆ ಗಡಿಯಲ್ಲೇ ಉತ್ತರವಿದೆ. ತಳಿ, ಡೆಂಕಣಿಕೋಟೆ, ಕೆಲಮಂಗಲ, ಅಂಚೆಟ್ಟಿ, ಬಾಗಲೂರು, ಬೇರಿಗೆ ಕಡೆಯ ಜನಕ್ಕೆ ಮನೆಮಾತು ಕನ್ನಡವೋ ತೆಲುಗೋ ತಮಿಳೋ, ದೊಡ್ಡ ಕಾಯಿಲೆ ಬಂದರೆ ಮಾತ್ರ ಮುಖ ತಿರುಗುವುದು ಬೆಂಗಳೂರಿನ ಕಡೆಗೆ. ಕ್ಯಾನ್ಸರ್ ಅಂದರೆ ಕಿದ್ವಾಯಿ, ತಲೆಗೆ ಪೆಟ್ಟಾದರೆ ನಿಮ್ಹಾನ್ಸ್, ಎದೆನೋವಾದರೆ ಜಯದೇವ. ಕೃಷ್ಣಗಿರಿಗೆ ಸರ್ಕಾರಿ ಮೆಡಿಕಲ್ ಕಾಲೇಜು ಬಂದದ್ದು 2022ರ ಜನವರಿಯಲ್ಲಿ. ಅದರಿಂದ ಅನುಕೂಲವಾಗಿದೆ. ಆದರೂ ದೊಡ್ಡ ಚಿಕಿತ್ಸೆ ಎಂದರೆ ಬೆಂಗಳೂರು ಬಸ್ಸು ಹತ್ತುವ ರೂಢಿ ತಪ್ಪಿಲ್ಲ.

ರೇಷನ್ ಕಾರ್ಡು ಮಾತ್ರ ತಮಿಳುನಾಡಿನದು. ಕರ್ನಾಟಕ ಸರ್ಕಾರ ತನ್ನ ಬಡವರಿಗೆ ಮಾಡಿರುವ ರಿಯಾಯಿತಿ ಗಡಿಯಾಚೆಯ ಕಾರ್ಡಿಗೆ ಅನ್ವಯವಾಗುವುದಿಲ್ಲ. ತಮಿಳುನಾಡಿನಲ್ಲಿ 2009ರಲ್ಲಿ ಕಲೈಞರ್ ಹೆಸರಿನಲ್ಲಿ ಶುರುವಾಗಿ, 2012ರಿಂದ ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮೆ ಎಂದಾದ ಯೋಜನೆ ಇದೆ. 2018ರಲ್ಲಿ ಆಯುಷ್ಮಾನ್ ಭಾರತ್ ಬಂದ ಮೇಲೆ ಒಂದು ರಾಜ್ಯದ ಫಲಾನುಭವಿ ಇನ್ನೊಂದು ರಾಜ್ಯದಲ್ಲೂ ಚಿಕಿತ್ಸೆ ಪಡೆಯಲು ದಾರಿಯಾಗಿದೆ. ಆದರೆ ಕುಟುಂಬ ಪಟ್ಟಿಯಲ್ಲಿರಬೇಕು, ಆಸ್ಪತ್ರೆ ಪಟ್ಟಿಯಲ್ಲಿರಬೇಕು, ಆ ಚಿಕಿತ್ಸೆಯೂ ಪಟ್ಟಿಯಲ್ಲಿರಬೇಕು.

ಎಲ್ಲ ಪಟ್ಟಿಯಲ್ಲೂ ಹೆಸರಿದೆ ಎಂದೇ ಇಟ್ಟುಕೊಳ್ಳೋಣ. ಆಗಲೂ ಒಂದು ಖರ್ಚು ಉಳಿಯುತ್ತದೆ. ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ, ಜನರ ಬಾಯಲ್ಲಿ ‘ಕರೆಂಟು ಕೊಡೋದು’, ಎಷ್ಟೋ ಸಲ ವಾರಕ್ಕೆ ಐದು ದಿನದಂತೆ ಐದಾರು ವಾರ ನಡೆಯುತ್ತದೆ. ಮಿಷನ್ನಿನ ಕೆಳಗೆ ಮಲಗುವುದು ಕೆಲವೇ ನಿಮಿಷ. ಅಂಚೆಟ್ಟಿ ಕಡೆಯವರು ಅದಕ್ಕಾಗಿ ಡೆಂಕಣಿಕೋಟೆಯಲ್ಲೋ ಹೊಸೂರಿನಲ್ಲೋ ಬಸ್ಸು ಬದಲಿಸಿ ದಿನಾ ಬೆಂಗಳೂರಿಗೆ ಹೋಗಿ ಬರುವುದು ಆಗದ ಮಾತು. ಅಲ್ಲೇ ಉಳಿಯಬೇಕು. ಜೊತೆಗೊಬ್ಬರು ಇರಬೇಕು. ಇಬ್ಬರ ಕೂಲಿ ಹೋಯಿತು. ರೂಮು, ಊಟ, ಆಟೊ, ಹೊರಗಿನ ಅಂಗಡಿಯಿಂದ ತರುವ ಔಷಧ. ಮೂತ್ರಪಿಂಡ ಕೈಕೊಟ್ಟವರ ಪಾಡು ಇನ್ನೂ ಉದ್ದ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಬೇಕು, ಅದು ಮುಗಿಯುವ ದಿನ ಎಂಬುದಿಲ್ಲ.

ಚಿಕಿತ್ಸೆ ಪುಕ್ಕಟೆಯಾಗಿದ್ದರೂ ಅರ್ಧಕ್ಕೆ ಬಿಟ್ಟು ಊರಿಗೆ ಬರುವವರು ಇರುವುದು ಈ ಖರ್ಚಿನಿಂದ. ಆಪರೇಷನ್ನಿಗೆ ಲಕ್ಷ ಕೊಡುವ ಕಾರ್ಡು ಬಸ್ ಚಾರ್ಜಿಗೆ ನೂರು ರೂಪಾಯಿ ಕೊಡುವುದಿಲ್ಲ. ಸೈಕಲ್ ಯಾತ್ರೆಯಿಂದ ಬರುವ ದುಡ್ಡು ದೊಡ್ಡ ಆಸ್ಪತ್ರೆ ಕಟ್ಟುವಷ್ಟು ಇರುವುದಿಲ್ಲ, ನಿಜ. ಆದರೆ ಈ ಸಣ್ಣ ಖರ್ಚಿಗೆ ಅದು ಹೇಳಿ ಮಾಡಿಸಿದ ಹಾಗಿದೆ. ಮೇಲಿನ ಲೆಕ್ಕದ 2 ಲಕ್ಷವನ್ನೇ ತೆಗೆದುಕೊಳ್ಳಿ. ಒಬ್ಬ ರೋಗಿಯ ಆರು ವಾರದ ವಸತಿ, ಊಟಕ್ಕೆ 20 ಸಾವಿರ ಎಂದು ಹಿಡಿದರೂ ಹತ್ತು ಜನ ಚಿಕಿತ್ಸೆ ಪೂರ್ತಿ ಮಾಡಿಸಿಕೊಂಡು ಮನೆಗೆ ಬರುತ್ತಾರೆ. ಖರ್ಚು ಕಳೆದ 80 ಸಾವಿರವಾದರೆ ನಾಲ್ಕೇ ಜನ. ಉಳಿದ ಆರು ಮಂದಿಯ ದುಡ್ಡು ಟೀ ಷರ್ಟು, ಲಾಡ್ಜಿಗೆ ಹೋಯಿತು ಎಂದೇ ಲೆಕ್ಕ.

ದೇಣಿಗೆಯಿಂದ ಎದ್ದ ಆಸ್ಪತ್ರೆಗಳು

ಸಣ್ಣದಾಗಿ ಶುರುವಾದದ್ದು ಏನಾಗಬಹುದು ಎಂಬುದಕ್ಕೆ ಈ ದಾರಿಯ ಆಸುಪಾಸಿನಲ್ಲೇ ಸಾಕ್ಷಿಗಳಿವೆ. ಕೃಷ್ಣಗಿರಿಯಲ್ಲಿ ಪೂರ್ವಕ್ಕೆ ಹೊರಳಿದ ಸವಾರರು ವಾಣಿಯಂಬಾಡಿ, ಆಂಬೂರು ದಾಟಿ ವೆಲ್ಲೂರು ಸೇರುತ್ತಾರೆ. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಆಸ್ಪತ್ರೆ 1900ರಲ್ಲಿ ಶುರುವಾದದ್ದು ಒಂದೇ ಹಾಸಿಗೆಯ ದವಾಖಾನೆಯಾಗಿ. ಡಾ. ಐಡಾ ಸ್ಕಡರ್ ಅವರು ಅಮೆರಿಕದಲ್ಲಿ ಜನರನ್ನು ಕೇಳಿ ದೇಣಿಗೆ ತಂದರು. ಶೆಲ್ ಎಂಬ ಒಬ್ಬರೇ ಹೆಂಡತಿಯ ನೆನಪಿಗೆ 10,000 ಡಾಲರ್ ಕೊಟ್ಟರು. 1902ರಲ್ಲಿ 40 ಹಾಸಿಗೆಯ ಆಸ್ಪತ್ರೆ ಎದ್ದಿತು. ಇವತ್ತು ದೇಶದ ಮೂಲೆ ಮೂಲೆಯಿಂದ ಅಲ್ಲಿಗೆ ಜನ ಬರುತ್ತಾರೆ.

ಇನ್ನೊಂದು ಇತ್ತೀಚಿನದು. ಊತಂಗರೆ, ಹರೂರು ದಾಟಿದರೆ ಧರ್ಮಪುರಿ ಜಿಲ್ಲೆಯ ಬೆಟ್ಟಗಳ ನಡುವೆ ಸಿಟ್ಟಿಲಿಂಗಿ ಕಣಿವೆ ಸಿಗುತ್ತದೆ. ಬುಡಕಟ್ಟಿನವರ, ಲಂಬಾಣಿಗಳ ಊರುಗಳು. ಡಾ. ರೆಜಿ ಜಾರ್ಜ್ ಮತ್ತು ಡಾ. ಲಲಿತಾ ದಂಪತಿ 1993ರಲ್ಲಿ ಅಲ್ಲೊಂದು ಗುಡಿಸಲಿನಲ್ಲಿ ಚಿಕಿತ್ಸೆ ಶುರುಮಾಡಿದರು. ಆಗ ಅಲ್ಲಿ ಹುಟ್ಟಿದ ಕೂಸುಗಳು ವರ್ಷ ತುಂಬುವ ಮೊದಲೇ ಸಾಯುವುದು ಸಾಮಾನ್ಯವಾಗಿತ್ತು. ಆಪರೇಷನ್ ಆಗಬೇಕಾದರೆ ಬಹಳ ದೂರ ಹೋಗಬೇಕಿತ್ತು. ಅವರು ಊರಿನ ಹೆಣ್ಣುಮಕ್ಕಳಿಗೇ ಹೆರಿಗೆ, ಶುಶ್ರೂಷೆ ಕಲಿಸಿದರು. ಗುಡಿಸಲಿದ್ದ ಕಡೆ ‘ಟ್ರೈಬಲ್ ಹೆಲ್ತ್ ಇನಿಷಿಯೇಟಿವ್’ ಹೆಸರಿನ ಆಸ್ಪತ್ರೆ ಬೆಳೆಯಿತು. ಕೂಸುಗಳ ಸಾವೂ ಇಳಿಯಿತು.

ಎರಡು ಕಡೆಯೂ ಕೊಟ್ಟವರು ದೂರದವರು, ಬದುಕಿದವರು ಹತ್ತಿರದವರು. ನಡುವೆ ನಿಂತವರು ದುಡ್ಡು ಎಲ್ಲಿ ಹೋಯಿತು ಎಂದು ತೋರಿಸಿದ್ದರಿಂದ ಕೊಡುವ ಕೈ ನಿಲ್ಲಲಿಲ್ಲ.

ಲಾರಿ ದಾರಿಯ ಅಪಾಯ

ಬೇರೆಯವರ ಜೀವ ಉಳಿಸಲು ಹೊರಟು ತಮ್ಮ ಜೀವ ಕಳೆದುಕೊಳ್ಳಬಾರದಲ್ಲ. ಹೊಸೂರು–ಕೃಷ್ಣಗಿರಿ ಹೆದ್ದಾರಿಯಲ್ಲಿ ಹಗಲೂ ರಾತ್ರಿ ಲಾರಿ, ಕಂಟೇನರ್ ಓಡಾಟ. ಇಳಿಜಾರಿನ ವೇಗ ಬೇರೆ. ದಾರಿ ಬದಿ ನಿಂತ ಲಾರಿ, ಎದುರು ದಿಕ್ಕಿನಿಂದ ನುಗ್ಗುವ ಬೈಕು, ಸರ್ವೀಸ್ ರಸ್ತೆಯಿಂದ ಥಟ್ಟನೆ ಏರಿಬರುವ ಆಟೊ, ಇವೆಲ್ಲ ಸೈಕಲ್ಲಿನವರಿಗೆ ಶತ್ರುಗಳು. ಧರ್ಮಪುರಿ ದಾಟಿದ ಮೇಲೆ ತೊಪ್ಪೂರು ಘಾಟಿಯಂತೂ ಅಪಘಾತಕ್ಕೆ ಹೆಸರಾದ ಜಾಗ.

ಅನುಭವಸ್ಥರು ಆರಿಸಿಕೊಳ್ಳುವ ಇನ್ನೊಂದು ದಾರಿಯಿದೆ. ಆನೇಕಲ್ಲಿನಿಂದ ತಳಿ, ಡೆಂಕಣಿಕೋಟೆ, ರಾಯಕೋಟೆ ಮೇಲಾಗಿ ಕೃಷ್ಣಗಿರಿ. ಸ್ವಲ್ಪ ಸುತ್ತು, ಏರಿಳಿತವೂ ಹೆಚ್ಚು. ಆದರೆ ಲಾರಿ ಕಡಿಮೆ. ಗುಲಾಬಿ ತೋಟ, ಟೊಮೆಟೊ ಹೊಲ, ಮಾವಿನ ತೋಪುಗಳ ನಡುವೆ ದಾರಿ. ದಾರಿ ಕೇಳಿದರೆ ಕನ್ನಡದಲ್ಲೇ ಉತ್ತರ ಸಿಗುವ ಊರುಗಳು. ಇನ್ನೊಂದು ಲಾಭವೂ ಇದೆ. ಯಾರ ಚಿಕಿತ್ಸೆಗೆಂದು ದುಡ್ಡು ಎತ್ತುತ್ತಾರೋ ಆ ಜನರ ಮನೆ ಮುಂದೆಯೇ ಹಾದುಹೋದ ಹಾಗಾಗುತ್ತದೆ. ಡಿಸೆಂಬರ್ ಮಳೆ ಹಿಂದಾದ ಮೇಲೆ ಜನವರಿ, ಫೆಬ್ರುವರಿ ಇದಕ್ಕೆ ಒಳ್ಳೆಯ ಕಾಲ. ಮಾವು ಹಣ್ಣಾಗುವ ಹೊತ್ತಿಗೆ ಕೃಷ್ಣಗಿರಿ ಬಿಸಿಲು ಸವಾರರನ್ನೂ ಹಣ್ಣು ಮಾಡುತ್ತದೆ.

ಅಕಸ್ಮಾತ್ ಪೆಟ್ಟಾದರೆ ತಿಳಿದಿರಬೇಕಾದ ಒಂದು ಸಂಗತಿ: ತಮಿಳುನಾಡು ಸರ್ಕಾರ 2021ರ ಡಿಸೆಂಬರಿನಲ್ಲಿ ‘ಇನ್ನುಯಿರ್ ಕಾಪ್ಪೋಂ’ ಎಂಬ ಯೋಜನೆ ತಂದಿತು. ರಾಜ್ಯದ ಎಲ್ಲೆಯೊಳಗೆ ರಸ್ತೆ ಅಪಘಾತವಾದವರಿಗೆ ಮೊದಲ 48 ಗಂಟೆಯ ತುರ್ತು ಚಿಕಿತ್ಸೆ, ನಿಗದಿತ ಆಸ್ಪತ್ರೆಗಳಲ್ಲಿ ಉಚಿತ. ಗಾಯಗೊಂಡವರು ಯಾವ ರಾಜ್ಯದವರು ಎಂದು ಕೇಳುವುದಿಲ್ಲ. ಗಡಿ ದಾಟಿ ಬರುವ ಸವಾರರಿಗೆ ಇದು ದೊಡ್ಡ ಧೈರ್ಯ. ಅದೇ ಗಡಿಯನ್ನು ಎದುರು ದಿಕ್ಕಿನಲ್ಲಿ ದಾಟುವ ಬಡ ರೋಗಿಗೆ ಕಾರ್ಡು ತೋರಿಸು ಎನ್ನುವ ಕಾಲ ಮಾತ್ರ ಇನ್ನೂ ಮುಗಿದಿಲ್ಲ.

ಕೊಡುವವರು ಕೇಳಬೇಕಾದದ್ದು

ಯಾತ್ರೆಯವರು ರಸೀದಿ ಪುಸ್ತಕ ಹಿಡಿದು ಬಂದಾಗ ಇಲ್ಲ ಎನ್ನಲು ಯಾರಿಗೂ ಮನಸ್ಸು ಬರುವುದಿಲ್ಲ. ಹಾಗೆಂದು ಕಣ್ಣು ಮುಚ್ಚಿ ಕೊಡಬೇಕಿಲ್ಲ. ಕೇಳಲೇಬೇಕಾದ ಮಾತುಗಳು ಇವು:

• ದುಡ್ಡು ಯಾರ ಖಾತೆಗೆ ಹೋಗುತ್ತದೆ? ಸವಾರನ ಸ್ವಂತ ಫೋನ್ ನಂಬರಿಗೋ, ಆಸ್ಪತ್ರೆಯ ಅಥವಾ ಟ್ರಸ್ಟಿನ ಖಾತೆಗೋ? ನೇರ ಸಂಸ್ಥೆಯ ಖಾತೆಗೇ ಹಾಕುವುದು ಎಲ್ಲರಿಗೂ ಕ್ಷೇಮ.

• ಯಾತ್ರೆಯ ಖರ್ಚು ಯಾರದು? ದೇಣಿಗೆಯಲ್ಲಿ ಕಳೆಯುವುದಾದರೆ ಎಷ್ಟು ಎಂಬುದನ್ನು ಮೊದಲೇ ಹೇಳಬೇಕು.

• ರಸೀದಿ ಕೊಡುತ್ತಾರೆಯೇ? ಜನ ‘80–ಜಿ’ ಎಂದು ಕರೆಯುವ ತೆರಿಗೆ ವಿನಾಯಿತಿ ಬೇಕಾದರೆ ಸಂಸ್ಥೆಗೆ ಆ ನೋಂದಣಿ ಇರಬೇಕು. 2,000 ರೂಪಾಯಿ ಮೀರಿದ ದೇಣಿಗೆಯನ್ನು ನಗದಾಗಿ ಕೊಟ್ಟರೆ ವಿನಾಯಿತಿ ಸಿಗುವುದಿಲ್ಲ.

• ವಿದೇಶದಲ್ಲಿರುವ ಮಗನೋ ಮಗಳೋ ಕಳಿಸುವುದಾದರೆ? ಭಾರತದ ಪಾಸ್‌ಪೋರ್ಟ್ ಇರುವವರು ಸ್ವಂತ ಗಳಿಕೆಯಿಂದ ಕೊಟ್ಟರೆ ತೊಡಕಿಲ್ಲ. ಅಲ್ಲಿನ ಪೌರತ್ವ ಪಡೆದವರು ಕೊಟ್ಟದ್ದು ವಿದೇಶಿ ದೇಣಿಗೆಯಾಗುತ್ತದೆ. ಅದನ್ನು ಪಡೆಯಲು ಸಂಸ್ಥೆಗೆ ಕೇಂದ್ರ ಗೃಹ ಇಲಾಖೆಯ ಅನುಮತಿ ಬೇಕು. ಸೈಕಲ್ ಗುಂಪು ತಾನೇ ಅದನ್ನು ತೆಗೆದುಕೊಳ್ಳುವ ಹಾಗಿಲ್ಲ.

• ಯಾತ್ರೆ ಮುಗಿದ ಮೇಲೆ ಲೆಕ್ಕ ಎಲ್ಲಿ ಸಿಗುತ್ತದೆ, ಯಾವಾಗ ಸಿಗುತ್ತದೆ?

ಇಷ್ಟನ್ನು ಕೇಳಿದರೆ ಒಳ್ಳೆಯ ತಂಡಕ್ಕೆ ಬೇಸರವಾಗುವುದಿಲ್ಲ. ಉತ್ತರ ಅವರ ಬಳಿ ರೆಡಿ ಇರುತ್ತದೆ.

ರೋಗಿಯ ಮಾನವನ್ನೂ ನೋಡಿಕೊಳ್ಳಬೇಕು. ಹಾಸಿಗೆಯ ಮೇಲಿದ್ದವರ ಕೈಗೆ ಚೆಕ್ಕಿನ ದೊಡ್ಡ ಬೋರ್ಡು ಕೊಟ್ಟು ಫೋಟೊ ತೆಗೆಸುವ ಚಾಳಿ ಒಳ್ಳೆಯದಲ್ಲ. ಕಾಯಿಲೆ ಏನು, ಹೆಸರೇನು, ಊರು ಯಾವುದು ಎಂಬುದನ್ನು ಹಳ್ಳಿಗೆಲ್ಲ ಸಾರಿದರೆ ನಾಳೆ ಆ ಮನೆಯ ಹೆಣ್ಣುಮಕ್ಕಳ ಮದುವೆಯ ಮಾತಿಗೂ ಅದು ಅಡ್ಡ ಬರುತ್ತದೆ. ‘ಇಷ್ಟು ಜನರಿಗೆ ಇಂಥ ಖರ್ಚಿಗೆ ಇಷ್ಟು’ ಎಂದು ಹೇಳಿದರೆ ಕೊಟ್ಟವರಿಗೆ ಅಷ್ಟೇ ಸಾಕು.

ಮತ್ತೆ ಆ ಟೀ ಅಂಗಡಿಗೆ ಬರೋಣ. ಬ್ಯಾನರು ಕಟ್ಟಿಕೊಂಡು ಹೋದ ಎಷ್ಟೋ ತಂಡಗಳನ್ನು ಆ ಬೆಂಚು ಕಂಡಿದೆ. ಅಂಗಡಿಯವರು ಟೀ ಕಾಸು ಬೇಡ ಎಂದದ್ದೂ ಉಂಟು, ಗಿರಾಕಿಗಳು ಜೇಬಿನಿಂದ ಐವತ್ತು, ನೂರು ತೆಗೆದುಕೊಟ್ಟದ್ದೂ ಉಂಟು. ಆಮೇಲೆ ಆ ದುಡ್ಡು ಏನಾಯಿತು ಎಂದು ತಿಳಿಸಲು ತಿರುಗಿ ಬಂದವರು ಕಡಿಮೆ. ದೊಡ್ಡ ವರದಿ ಏನೂ ಬೇಡ. ಮುಂದಿನ ಚಳಿಗಾಲದಲ್ಲಿ ಹಾಯುವಾಗ ಅದೇ ಅಂಗಡಿಯ ಗೋಡೆಗೆ ಕನ್ನಡ, ತಮಿಳು, ತೆಲುಗಿನಲ್ಲಿ ಒಂದು ಹಾಳೆ ಅಂಟಿಸಿದರೆ ಆಯಿತು: ಹೋದ ಸಲ ಬಂದದ್ದು ಇಷ್ಟು, ಆಸ್ಪತ್ರೆಗೆ ಕಟ್ಟಿದ್ದು ಇಷ್ಟು, ಚಿಕಿತ್ಸೆ ಮುಗಿಸಿ ಊರಿಗೆ ಬಂದವರು ಇಷ್ಟು ಮಂದಿ. ಆ ಮೂರನೆಯ ಪ್ರಶ್ನೆಯನ್ನು ಆಮೇಲೆ ಯಾರೂ ಕೇಳಲಾರರು. ಜೇಬಿಗೆ ಮಾತ್ರ ಮತ್ತೆ ಕೈ ಹಾಕಿಯಾರು.